ಬೆಟ್ಟದ ಹೂವಿನ ಕಂಬಳಿ

ಮಕ್ಕಳೇ, ಈ ವಾರ ನಮ್ಮ ಬೂವನಹಳ್ಳಿಯಲ್ಲಿ ಚಳಿ ಜೋರು. ಬೆಳಿಗ್ಗೆ ಎಂಟಾದರೂ ಇಬ್ಬನಿ ಕರಗುವುದಿಲ್ಲ. ಎದುರಿನ ಕಣದಲ್ಲಿ ಒಟ್ಟಿದ ರಾಗಿಯ ಮೆದೆ ಮಂಜಿನೊಳಗೆ ಮಲಗಿದ ಆನೆಯ ಹಾಗೆ ಕಾಣುತ್ತದೆ. ಹಾಸನವನ್ನು ಬಡವರ ಊಟಿ ಎಂದು ಸುಮ್ಮನೆ ಕರೆದಿಲ್ಲ. ಎಪ್ಪತ್ತು ದಾಟಿದ ನನ್ನ ಮಂಡಿಗಳನ್ನು ಕೇಳಿ, ಅವೇ ಹೇಳುತ್ತವೆ.

ಈ ಕಾಲ ಬಂದರೆ ರಾತ್ರಿ ಊಟವಾದ ಮೇಲೆ ನಮ್ಮ ಮನೆಯಲ್ಲಿ ಒಂದು ಸಭೆ ಸೇರುತ್ತಿತ್ತು. ಅಜ್ಜಿ, ಎಂದರೆ ನನ್ನ ಹೆಂಡತಿ, ಗೋಡೆಗೆ ಒರಗಿ ಅವರೆಕಾಳು ಹಿದಕುತ್ತಾ ರಾಮಾಯಣ ಹೇಳುವಳು. ಮೊಮ್ಮಗಳು ಅವಳ ಕಂಬಳಿಯೊಳಗೆ ನುಸುಳಿ ಕೇಳುವಳು. ಅಜ್ಜಿಯ ರಾಮಾಯಣದಲ್ಲಿ ಹನುಮಂತ ಸಮುದ್ರ ಹಾರುವ ಮೊದಲು ಎರಡು ಮುದ್ದೆ ಉಣ್ಣುತ್ತಿದ್ದ. “ಅದು ಎಲ್ಲಿ ಬರೆದಿದೆ?” ಎಂದು ನಾನು ಕೇಳಿದರೆ, “ನಿಮ್ಮ ಬ್ಯಾಂಕಿನ ಲೆಡ್ಜರಿನಲ್ಲಿ ಇಲ್ಲ ಬಿಡಿ” ಎನ್ನುತ್ತಿದ್ದಳು.

ಕಳೆದ ಮಾಘದಲ್ಲಿ ಅಜ್ಜಿ ತೀರಿಕೊಂಡಳು. ಅವಳಿಲ್ಲದ ಮೊದಲ ಚಳಿಗಾಲ ಇದು. ಅವಳ ಕಂಬಳಿ ಟ್ರಂಕಿನಲ್ಲಿದೆ. ಅದನ್ನು ತೆಗೆಯೋಣ ಎಂದು ಯಾರೂ ಹೇಳಲಿಲ್ಲ. ಐದನೇ ತರಗತಿಯ ಮೊಮ್ಮಗಳೂ ಕಥೆ ಹೇಳು ಎಂದು ನನ್ನನ್ನು ಒಂದು ದಿನ ಕೇಳಲಿಲ್ಲ. ಊಟ ಮುಗಿಸಿ, ತಟ್ಟೆ ತೊಳೆದು, ಸದ್ದಿಲ್ಲದೆ ಮಲಗುತ್ತಿದ್ದಳು. ಮಕ್ಕಳಲ್ಲವೇ, ಬೇಗ ಮರೆಯುತ್ತಾರೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಮನಸ್ಸಿಗೆ ಸ್ವಲ್ಪ ನೋವೂ ಆಗಿತ್ತು.

ಕಳೆದ ಭಾನುವಾರ ಸಂಜೆ ಮಗ ಟಿವಿಯಲ್ಲಿ ‘ಬೆಟ್ಟದ ಹೂವು’ ಹಾಕಿದ. ಇದು 1985ರ ಚಿತ್ರ. ನಿರ್ದೇಶಿಸಿದವರು ಎನ್. ಲಕ್ಷ್ಮೀನಾರಾಯಣ್. ಶರ್ಲಿ ಅರೋರಾ ಎಂಬ ಲೇಖಕಿಯ ಇಂಗ್ಲಿಷ್ ಕಾದಂಬರಿ ಇದಕ್ಕೆ ಆಧಾರ. ರಾಮು ಎಂಬ ಹುಡುಗನ ಪಾತ್ರ ಮಾಡಿದವರು ಡಾ. ರಾಜ್‌ಕುಮಾರ್ ಅವರ ಕಿರಿಯ ಮಗ ಪುನೀತ್. ಆಗ ಅವರಿಗೆ ಹತ್ತು ವರ್ಷ, ಹೆಚ್ಚುಕಡಿಮೆ ನಿಮ್ಮ ವಯಸ್ಸು. ಈ ಚಿತ್ರಕ್ಕಾಗಿ ಅವರಿಗೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಬಂತು.

ಇದರಲ್ಲಿ ಹೊಡೆದಾಟವಿಲ್ಲ, ಕಿರುಚಾಟವಿಲ್ಲ. ರಾಮು ಬಡವರ ಮನೆಯ ಹುಡುಗ. ಓದುವ ಆಸೆ ಬೆಟ್ಟದಷ್ಟು. ಮನೆಯ ಕಷ್ಟಕ್ಕೆ ಶಾಲೆ ಬಿಟ್ಟು ದುಡಿಯಬೇಕಾಗುತ್ತದೆ. ಬೆಟ್ಟದಲ್ಲಿ ಅಲೆದು ಅಪರೂಪದ ಸೀತಾಳೆ ಹೂಗಳನ್ನು ಹುಡುಕಿ ತಂದು ವಿದೇಶಿ ಮಹಿಳೆಯೊಬ್ಬರಿಗೆ ಕೊಡುತ್ತಾನೆ. ಬಂದ ಕಾಸನ್ನು ಒಂದೊಂದಾಗಿ ಕೂಡಿಡುತ್ತಾನೆ. ಯಾಕೆ? ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಪುಸ್ತಕ ಕೊಳ್ಳಲು. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದುಕೊಟ್ಟ ಕೃತಿ ಅದು. ಆದರೆ ಮನೆಯವರು ಚಳಿಯಲ್ಲಿ ನಡುಗುತ್ತಿದ್ದಾರೆ. ಕೂಡಿಟ್ಟ ದುಡ್ಡು ಕೊನೆಗೆ ಪುಸ್ತಕಕ್ಕೆ ಹೋಗುವುದಿಲ್ಲ, ಕಂಬಳಿಗೆ ಹೋಗುತ್ತದೆ.

ಹಿಂದೆ ಇದನ್ನು ಥಿಯೇಟರಿನಲ್ಲಿ ನೋಡಿ ಬಂದಾಗ ಅಜ್ಜಿ ದಾರಿಯುದ್ದಕ್ಕೂ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದಳು. ಆ ಹುಡುಗ ಅಂದಿನಿಂದ ಅವಳ ಪಾಲಿಗೆ ನಮ್ಮ ಮನೆಯವನೇ ಆಗಿಬಿಟ್ಟ. 2021ರ ಅಕ್ಟೋಬರ್ 29, ಶುಕ್ರವಾರ. ದೀಪಾವಳಿಗೆ ಇನ್ನು ಒಂದು ವಾರವೂ ಇರಲಿಲ್ಲ. ಪುನೀತ್ ಹೋದರು ಎಂಬ ಸುದ್ದಿ ಬಂದಾಗ ಅಜ್ಜಿ ಹಚ್ಚಿದ್ದ ಒಲೆ ಆರಿಸಿದಳು. ನಲವತ್ತಾರು ಏನು ಹೋಗುವ ವಯಸ್ಸೇ? ನಾಡಿನ ಎಷ್ಟೋ ಮನೆಗಳಲ್ಲಿ ಅಂದು ಹೀಗೇ ಆಗಿರಬೇಕು. ಅವರ ತಂದೆಯ ಹಾಗೆ ಅವರ ಕಣ್ಣುಗಳನ್ನೂ ದಾನ ಮಾಡಿದರು. ವೈದ್ಯರು ಕಣ್ಣಿನ ಕಾರ್ನಿಯಾವನ್ನು ಮುಂದಿನ ಪದರ, ಹಿಂದಿನ ಪದರ ಎಂದು ಬಿಡಿಸಿ ಬಳಸಿದ್ದರಿಂದ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. “ರಾಮು ದೊಡ್ಡವನಾದ ಮೇಲೂ ಕಂಬಳಿ ಹಂಚೋದು ಬಿಡಲಿಲ್ಲ ನೋಡಿ” ಎಂದಿದ್ದಳು ಅಜ್ಜಿ.

ಇರಲಿ, ಭಾನುವಾರದ ವಿಷಯಕ್ಕೆ ಬರುತ್ತೇನೆ. ಚಿತ್ರ ಮುಗಿಯಿತು. ನಾನು ಬಿ.ಕಾಂ. ಓದಿ ಜೀವನಪೂರ್ತಿ ಜಮಾ-ಖರ್ಚು ಬರೆದವನು. ಬುದ್ಧಿ ಹೇಳುವ ಚಟ ಬೇರೆ. “ನೋಡಿದೆಯಾ ಮಗಳೇ, ತ್ಯಾಗ ಅಂದರೆ ಇದು. ರಾಮುವಿನ ಲೆಕ್ಕದಲ್ಲಿ ಪುಸ್ತಕ ಖರ್ಚು, ಪ್ರೀತಿ ಜಮಾ” ಎಂದೆ.

ಅವಳಿಗೆ ಸಿಟ್ಟು ಬಂತು. “ಅದು ಅನ್ಯಾಯ ತಾತ. ಅವನಿಗೆ ಆ ಪುಸ್ತಕ ಎಷ್ಟು ಬೇಕಿತ್ತು ಅಂತ ಯಾರೂ ಕೇಳಲೇ ಇಲ್ಲ.”

“ಅವನೇ ಹೇಳಲಿಲ್ಲವಲ್ಲ.”

“ಹೇಗೆ ಹೇಳ್ತಾನೆ? ಹೇಳಿದ್ರೆ ಅಮ್ಮ ಅಳ್ತಾಳೆ ಅಂತ ಅವನಿಗೆ ಗೊತ್ತು.”

ಹಾಗೆಂದವಳೇ ಮುಖ ತಿರುಗಿಸಿ ಕುಳಿತಳು. ಕಣ್ಣು ತುಂಬಿತ್ತು. ನನಗೆ ಏನೋ ಹೊಳೆಯಿತು. ಮೆಲ್ಲಗೆ ಕೇಳಿದೆ, “ನೀನು ಯಾಕೆ ಕಥೆ ಕೇಳೋದು ಬಿಟ್ಟೆ?”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದಳು, “ಒಂದ್ಸಲ ಕೇಳೋಣ ಅಂತ ನಿನ್ನ ಕೋಣೆಗೆ ಬಂದಿದ್ದೆ. ನೀನು ಟ್ರಂಕಿನ ಮೇಲೆ ಕೈ ಇಟ್ಕೊಂಡು ಕೂತಿದ್ದೆ. ಕಥೆ ಕೇಳಿದ್ರೆ ಅಜ್ಜಿ ನೆನಪಾಗಿ ನೀನು ಅಳ್ತೀಯ ಅಂತ ವಾಪಸ್ ಹೋದೆ.”

ಹತ್ತು ತಿಂಗಳು! ಹತ್ತು ತಿಂಗಳಿಂದ ನನ್ನ ಮನೆಯಲ್ಲೇ ಒಬ್ಬಳು ರಾಮು ಇದ್ದಳು. ನನಗೆ ಚಳಿಯಾಗದಿರಲೆಂದು ತನ್ನ ರಾಮಾಯಣವನ್ನು ಬಿಟ್ಟುಕೊಟ್ಟಿದ್ದಳು. ನಾನೋ, ಇವಳು ಅಜ್ಜಿಯನ್ನು ಮರೆತಳೆಂದು ಒಳಗೊಳಗೇ ಮುನಿಸಿಕೊಂಡಿದ್ದೆ. ಒಂದು ಪೈಸೆ ವ್ಯತ್ಯಾಸ ಬಂದರೂ ಹುಡುಕಿ ತೆಗೆಯುತ್ತಿದ್ದ ಗುಮಾಸ್ತ, ಇಷ್ಟು ದೊಡ್ಡ ಲೆಕ್ಕ ತಪ್ಪಿದ್ದೆ.

ಆ ರಾತ್ರಿ ಇಬ್ಬರೂ ಸೇರಿ ಟ್ರಂಕು ತೆಗೆದೆವು. ನುಸಿಗುಳಿಗೆಯ ವಾಸನೆಯ ಕೆಳಗೆ ಅಜ್ಜಿಯ ವಾಸನೆ ಇನ್ನೂ ಇತ್ತು. ಇಬ್ಬರೂ ಚೆನ್ನಾಗಿ ಅತ್ತೆವು. ಅತ್ತರೆ ಏನೂ ಆಗಲಿಲ್ಲ ಮಕ್ಕಳೇ, ಮೂಗು ಕೆಂಪಾಯಿತು ಅಷ್ಟೇ. ಸದ್ದು ಕೇಳಿ ಮಗ, ಸೊಸೆಯೂ ಬಂದು ಕುಳಿತರು. ಕಂಬಳಿ ಹೊದ್ದು ನಾನು ಕಥೆ ಶುರುಮಾಡಿದೆ. ಹನುಮಂತ ಸಮುದ್ರದ ದಡಕ್ಕೆ ಬಂದ, ಹಾರಿಯೇಬಿಟ್ಟ ಎಂದೆ.

“ತಾತ, ಮುದ್ದೆ?” ಎಂದಳು ಮೊಮ್ಮಗಳು.

ಹನುಮಂತನನ್ನು ವಾಪಸು ಕರೆದು ಎರಡು ಮುದ್ದೆ ಉಣ್ಣಿಸಿದೆ. ಜೊತೆಗೆ ಹಿದಕಿದ ಅವರೆಯ ಸಾರನ್ನೂ ಬಡಿಸಿದೆ.

ಅಜ್ಜ-ಅಜ್ಜಿಯರೇ, ದುಃಖದ ಮನೆಯಲ್ಲಿ ಮಗು ತೀರಾ ಜಾಣನಾಗಿ, ತೀರಾ ಸದ್ದಿಲ್ಲದೆ ಇದ್ದರೆ, ಮರೆತಿದೆ ಎಂದುಕೊಳ್ಳಬೇಡಿ. ನಿಮಗೆ ಹೊದಿಸಲು ಅದು ಏನನ್ನು ಬಿಟ್ಟುಕೊಟ್ಟಿದೆಯೋ, ಹತ್ತಿರ ಕೂರಿಸಿಕೊಂಡು ಒಮ್ಮೆ ಕೇಳಿ. ಮಕ್ಕಳೇ, ನಿಮಗೊಂದು ಮಾತು. ತಾತ ಅತ್ತರೆ ಅಳಲಿ, ಹೆದರಬೇಡಿ. ಹೋದವರ ಹೆಸರು ಹೇಳಿ, ಅವರ ಕಥೆ ಕೇಳಿ. ಕಂಬಳಿ ದೊಡ್ಡದಿದೆ, ಎಲ್ಲರಿಗೂ ಸಾಕಾಗುತ್ತದೆ.