ಬೀಜಕ್ಕೆ ಲೆಕ್ಕವಿಲ್ಲದ ವ್ಯಾಪಾರ

ನಿಯಂತ್ರಣವೆಂದರೆ ವ್ಯಾಪಾರಕ್ಕೆ ಅಡ್ಡ ಕಟ್ಟಿದ ಗೋಡೆ ಎಂಬ ಮಾತು ಒಂದು ಮಂತ್ರವೇ ಆಗಿಬಿಟ್ಟಿದೆ. ಕುಲಾಂತರಿ ಬೆಳೆಗಳ ವಿಚಾರ ಬಂದಾಗಲಂತೂ ಈ ಮಂತ್ರದ ಸದ್ದು ಇನ್ನಷ್ಟು ಜೋರು. ಪರೀಕ್ಷೆ, ಪರವಾನಗಿ, ಪ್ರಮಾಣಪತ್ರ ಇವೆಲ್ಲ ಅಂಜುಬುರುಕರ ಹೂಟ. ಇವನ್ನು ಕಿತ್ತೊಗೆದರೆ ಧಾನ್ಯ ತಾನಾಗಿಯೇ ದೇಶದಿಂದ ದೇಶಕ್ಕೆ ಹರಿದೀತು ಎಂದು ವಾದಿಸುವವರು ನಮ್ಮ ವಿದ್ಯಾವಂತರಲ್ಲೂ ಕಡಿಮೆಯಿಲ್ಲ. ಈ ವಾದ ತಲೆಕೆಳಗಾದುದು. ಅದನ್ನು ತೋರಿಸಲು ಬಹಳ ದೂರ ಹೋಗಬೇಕಿಲ್ಲ. 2006ನೆಯ ಇಸವಿಯೊಂದೇ ಸಾಕು.

ಯುರೋಪು ಕುಲಾಂತರಿ ಬೆಳೆಗಳಿಗೆ ಅನುಮತಿ ನೀಡುವುದನ್ನು 1998ರಿಂದ ತಡೆಹಿಡಿದಿದೆಯೆಂದು ಅಮೆರಿಕ, ಕೆನಡಾ ಮತ್ತು ಅರ್ಜೆಂಟೀನಾಗಳು 2003ರಲ್ಲಿ ವಿಶ್ವ ವ್ಯಾಪಾರ ಸಂಘಟನೆಯ ಮೊರೆ ಹೊಕ್ಕಿದ್ದವು. ಯುರೋಪಿನ ವಿಳಂಬ ಅನುಚಿತವಾದುದೆಂದು 2006ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ವರದಿ ತೀರ್ಮಾನಿಸಿತು. ಆದರೆ ಈ ಬೆಳೆಗಳು ಸುರಕ್ಷಿತವೇ ಅಲ್ಲವೇ ಎಂಬ ಪ್ರಶ್ನೆಯನ್ನು ಆ ಮಂಡಳಿ ಕೈಗೆತ್ತಿಕೊಳ್ಳಲೇ ಇಲ್ಲ. ಗೆದ್ದವರು ಇದನ್ನು ಮರೆಸಿ ಜಯಭೇರಿ ಹೊಡೆದರು.

ಅದಕ್ಕೆ ಕೆಲವೇ ವಾರಗಳ ಹಿಂದೆ, ಅದೇ ವರ್ಷದ ಆಗಸ್ಟಿನಲ್ಲಿ, ಅಮೆರಿಕದ ಅಕ್ಕಿಯಲ್ಲಿ ಮಾರಾಟಕ್ಕೆ ಅನುಮತಿಯೇ ಇಲ್ಲದ ಕುಲಾಂತರಿ ತಳಿಯೊಂದು ಬೆರೆತಿರುವುದು ಬಯಲಾಗಿತ್ತು. ಅದನ್ನು ಯಾವ ರೈತನೂ ವಾಣಿಜ್ಯಕ್ಕಾಗಿ ಬೆಳೆದಿರಲಿಲ್ಲ. ಅದರ ಕ್ಷೇತ್ರಪ್ರಯೋಗಗಳು 2001ರಲ್ಲೇ ಮುಗಿದಿದ್ದವು. ಆರೋಗ್ಯಕ್ಕೆ ಅಪಾಯವಿಲ್ಲವೆಂದು ಅಲ್ಲಿನ ಸರಕಾರ ಎಷ್ಟು ಹೇಳಿದರೂ ಕೊಳ್ಳುವವರು ನಂಬಲಿಲ್ಲ. ಜಪಾನ್ ಬಾಗಿಲು ಮುಚ್ಚಿತು, ಯುರೋಪು ಪ್ರತಿ ಸರಕಿಗೂ ಪರೀಕ್ಷೆ ಕೇಳಿತು, ಬೆಲೆ ಕುಸಿಯಿತು. ಬೀಜ ಹೇಗೆ ಬೆರೆಯಿತೆಂಬುದನ್ನು ಸರಕಾರದ ತನಿಖೆಗೂ ಕಂಡುಹಿಡಿಯಲಾಗಲಿಲ್ಲ. ಕೊನೆಗೆ 2011ರಲ್ಲಿ ತಳಿಯ ಒಡೆಯ ಕಂಪನಿ ರೈತರಿಗೆ 75 ಕೋಟಿ ಡಾಲರುಗಳವರೆಗೆ ಪರಿಹಾರ ನೀಡಲು ಒಪ್ಪಬೇಕಾಯಿತು. ಆ ರೈತರ ವ್ಯಾಪಾರವನ್ನು ಕೆಡಿಸಿದ್ದು ಕಟ್ಟುನಿಟ್ಟಾದ ಕಾನೂನಲ್ಲ, ಸಡಿಲವಾದ ಕಾವಲು.

ಈಗ ನಮ್ಮ ಮನೆಯತ್ತ ನೋಡೋಣ. ಭಾರತದ ನುಚ್ಚಕ್ಕಿಯಲ್ಲಿ ಕುಲಾಂತರಿ ಅಂಶ ಪತ್ತೆಯಾಗಿದೆಯೆಂದು 2021ರಲ್ಲಿ ಯುರೋಪಿನಿಂದ ದೂರು ಬಂದಾಗ, ನಮ್ಮಲ್ಲಿ ಅಂಥ ಭತ್ತವನ್ನು ವಾಣಿಜ್ಯಕ್ಕಾಗಿ ಬೆಳೆಯುವುದೇ ಇಲ್ಲ, ಆದ್ದರಿಂದ ಬೆರಕೆ ನಮ್ಮದಲ್ಲ ಎಂದು ಸರಕಾರ ಉತ್ತರಿಸಿತು. ಉತ್ತರ ನಿಜವಿದ್ದೀತು. ಆದರೆ ಅದೇ ಮಾತನ್ನು 2006ರಲ್ಲಿ ಅಮೆರಿಕವೂ ಹೇಳಬಹುದಾಗಿತ್ತಲ್ಲವೆ? 'ಬೆಳೆಯುವುದಿಲ್ಲ' ಎಂಬುದು ಪುರಾವೆಯಲ್ಲ. ಯಾವ ಹೊಲದಲ್ಲಿ ಯಾವ ಪ್ರಯೋಗ ನಡೆಯಿತು, ಉಳಿದ ಬೀಜ ಏನಾಯಿತು ಎಂಬ ಲೆಕ್ಕವೇ ಪುರಾವೆ. ಆ ಲೆಕ್ಕದಲ್ಲಿ ನಮ್ಮ ಕೀರ್ತಿ ದೊಡ್ಡದೇನಲ್ಲ. ಬಿಟಿ ಹತ್ತಿಗೆ ಅನುಮತಿ ದೊರೆತದ್ದು 2002ರಲ್ಲಿ. ಅದಕ್ಕೆ ಮುಂಚೆ, 2001ರಲ್ಲೇ, ಗುಜರಾತಿನ ಸಾವಿರಾರು ಎಕರೆಗಳಲ್ಲಿ ಅದು ಕದ್ದು ಬೆಳೆದು ನಿಂತಿತ್ತು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕುವುದನ್ನು ನಾವು ನಿಯಂತ್ರಣವೆಂದು ಕರೆಯುತ್ತ ಬಂದಿದ್ದೇವೆ.

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆ ನಮ್ಮದೇ. ಕೇಂದ್ರದ ತಜ್ಞ ಸಮಿತಿ ಒಪ್ಪಿದ್ದ ಬಿಟಿ ಬದನೆಯನ್ನು 2010ರ ಫೆಬ್ರವರಿಯಲ್ಲಿ ತಡೆಹಿಡಿದ ದೇಶ, ಆಮದಾಗುವ 24 ಆಹಾರ ಬೆಳೆಗಳಿಗೆ 'ಕುಲಾಂತರಿಯಲ್ಲ' ಎಂಬ ಪ್ರಮಾಣಪತ್ರ ಬೇಕೆಂದು 2021ರ ಮಾರ್ಚಿನಿಂದ ಕಡ್ಡಾಯ ಮಾಡಿತು. ಅದೇ ವರ್ಷದ ಆಗಸ್ಟಿನಲ್ಲಿ ಕೋಳಿ ಮೇವಿನ ಬೆಲೆ ಏರಿದಾಗ, ಕುಲಾಂತರಿ ಸೋಯಾ ಹಿಂಡಿಯನ್ನು 12 ಲಕ್ಷ ಟನ್ನುಗಳವರೆಗೆ ತರಿಸಿಕೊಳ್ಳಲು ಒಪ್ಪಿತು. ಹಿಂಡಿಯಲ್ಲಿ ಜೀವಂತ ಬೀಜವಿಲ್ಲವೆಂಬುದು ಕೊಟ್ಟ ಸಮರ್ಥನೆ. ಸಮರ್ಥನೆಯಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಬೆಲೆಯೇರಿಕೆಯ ದಿನ ಮಾತ್ರ ನೆನಪಾಗುವ ವಿಜ್ಞಾನವನ್ನು ಹೊರಗಿನವರು ಹೇಗೆ ಗೌರವಿಸಿಯಾರು? ಹೀಗಿರುವಾಗ, ವಾಣಿಜ್ಯ ಒಪ್ಪಂದದ ಮಾತುಕತೆಗೆ ಕುಳಿತ ಅಮೆರಿಕ ನಮ್ಮ ನಿಯಮಗಳನ್ನು ಚೌಕಾಸಿಯ ಸರಕೆಂದು ಬಗೆದರೆ ತಪ್ಪು ಅದರದೊಂದೇ ಅಲ್ಲ.

ಇಷ್ಟಾದರೂ ಈ ವಿಷಯಕ್ಕೆಂದೇ ಸಂಸತ್ತು ರೂಪಿಸಿದ ಕಾನೂನು ನಮ್ಮಲ್ಲಿಲ್ಲ. 1986ರ ಪರಿಸರ ಕಾಯಿದೆಯಡಿ 1989ರಲ್ಲಿ ಹೊರಡಿಸಿದ ನಿಯಮಗಳೇ ಆಧಾರ. 2013ರಲ್ಲಿ ಮಂಡಿತವಾದ ಮಸೂದೆ ಮರುವರ್ಷ ಲೋಕಸಭೆಯೊಡನೆಯೇ ಅಸುನೀಗಿತು. ಕುಲಾಂತರಿ ಸಾಸಿವೆಯ ಬಗ್ಗೆ 2024ರಲ್ಲಿ ಭಿನ್ನ ತೀರ್ಪು ನೀಡಿದ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೂ ರಾಷ್ಟ್ರೀಯ ನೀತಿಯೊಂದು ಬೇಕೆಂಬಲ್ಲಿ ಒಂದಾದರು.

ಇದು ರೈತರ ತಕರಾರು, ಹೊರನಾಡಿನಲ್ಲಿರುವ ನಮಗೇನು ಎಂದು ಕೇಳಬಹುದು. ಮುಂಬಯಿಯ ನಮ್ಮ ಅಡುಗೆಮನೆಗಳಲ್ಲಿ ಉಡುಪಿಯ ಮಟ್ಟುಗುಳ್ಳಕ್ಕೆ ಇರುವ ಮಾನ ಎಲ್ಲರಿಗೂ ಗೊತ್ತು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯೂ ದೊರೆಯಿತು. ಆ ಹೆಸರಿಗೆ ಬೆಲೆ ಬಂದದ್ದು ಬೀಜದ ಕುಲದಿಂದ. ಆ ಕುಲ ಕಲಬೆರಕೆಯಾದರೆ ಹೆಸರಿನ ಹಲಗೆಯಷ್ಟೇ ಉಳಿದೀತು. ಬಾಸ್ಮತಿಯ ಗತಿಯೂ ಇದೇ.

ಕುಲಾಂತರಿ ಬೇಕೆನ್ನುವವರೂ ಬೇಡವೆನ್ನುವವರೂ ಕೂಡಿಯೇ ಕೇಳಬಹುದಾದ ಮೂರು ಬೇಡಿಕೆಗಳಿವೆ. ಪ್ರತಿ ಪ್ರಯೋಗದ ಹೊಲದ ವಿವರ ಸಾರ್ವಜನಿಕವಾಗಲಿ. ಬೀಜದ ಒಡೆಯನಿಗೂ ವ್ಯಾಪಾರಿಗೂ ಹಂಗಿಲ್ಲದ ಪ್ರಯೋಗಶಾಲೆಗಳು ಬಂದರುಗಳಲ್ಲಿ ನಿಲ್ಲಲಿ. ಬೀಜ ದಾರಿತಪ್ಪಿದರೆ ನಷ್ಟ ತೆರುವವನು ಅದರ ಒಡೆಯ, ರೈತನಲ್ಲ ಎಂದು ಕಾನೂನು ಸಾರಲಿ. ಮುಂಬಯಿ, ಚೆನ್ನೈಗಳಂಥ ಬಂದರಿನ ಊರುಗಳಲ್ಲಿ ಬಾಳುವ ನಾವು ಇದನ್ನು ನಮ್ಮ ಸಂಸದರ ಮುಂದಿಡದೆ ಹೋದರೆ, ನಮ್ಮ ಬೀಜದ ಕಾನೂನನ್ನು ನಮ್ಮ ಸರಕು ಕೊಳ್ಳುವವರೇ ಬರೆಯುತ್ತಾರೆ. ಅದರ ದಂಡವನ್ನು ಊರಿನಲ್ಲಿರುವ ನಮ್ಮ ಅಣ್ಣತಮ್ಮಂದಿರು ತೆರುತ್ತಾರೆ.