ರೋಗಿಗಳನ್ನು ಹೊರಗಿಟ್ಟು ಚಿತ್ರ ನೋಡುವುದು

ಗ್ರ್ಯೂನೆವಾಲ್ಡ್‌ನ ಶಿಲುಬೆಯ ಚಿತ್ರ ಪರದೆಯ ಮೇಲೆ ಬಂದಾಗಲೆಲ್ಲ ವಿಚಾರ ಸಂಕಿರಣಗಳಲ್ಲಿ ನಾನು ಕೇಳುವುದು ಒಂದೇ ಮಾತು: ಇದು ಕಲಾವಿದನ ಅಂತರಂಗದ ಚೀತ್ಕಾರ, ಎಕ್ಸ್‌ಪ್ರೆಷನಿಸಂನ ಮುನ್ಸೂಚನೆ. ನನ್ನ ಪಿಎಚ್‌.ಡಿ.ಯ ಮೊದಲ ಕರಡಿನಲ್ಲಿ ನಾನೂ ಹಾಗೆಯೇ ಬರೆದಿದ್ದೆ. ಈಗ ನಾಚಿಕೆಯಾಗುತ್ತದೆ.

1512–16ರ ಸುಮಾರಿಗೆ ಮರದ ಹಲಗೆಗಳ ಮೇಲೆ ಬರೆದ ಈ ಚಿತ್ರಗಳು ಐಸೆನ್‌ಹೈಮ್‌ನ ಆಂಟನಿ ಪಂಥದ ಮಠಕ್ಕೆ ಸೇರಿದ್ದವು. ಬೂಷ್ಟು ಹಿಡಿದ ರೈ ಕಾಳಿನ ರೊಟ್ಟಿ ತಿಂದು ಕೈಕಾಲು ಕೊಳೆತವರನ್ನು ಅಲ್ಲಿ ಆರೈಕೆ ಮಾಡುತ್ತಿದ್ದರು. ಆ ರೋಗವನ್ನು ಜನ ‘ಸಂತ ಆಂಟನಿಯ ಬೆಂಕಿ’ ಎನ್ನುತ್ತಿದ್ದರು. ಕ್ರಿಸ್ತನ ಹಸಿರುಗಟ್ಟಿದ ಚರ್ಮ, ಮೈತುಂಬ ಹುಣ್ಣು, ಸೆಟೆದ ಬೆರಳು ಇವು ಅವರಿಗೆ ಹೊಸತಾಗಿರಲಿಲ್ಲ. ಹಬ್ಬದ ದಿನ ಬಾಗಿಲಿನಂಥ ಹಲಗೆಗಳು ತೆರೆದಾಗ ಅದೇ ಮೈ ಬೆಳಕಿನ ನಡುವೆ ಎದ್ದಿರುತ್ತಿತ್ತು: ಹುಣ್ಣುಗಳಿಲ್ಲ, ಶಿಲುಬೆಯ ಗಾಯಗಳಷ್ಟೇ ಉಳಿದಿವೆ.

ಹಾಗಾದರೆ ಚಿತ್ರಕಾರನ ಪ್ರತಿಭೆಗೆ ಬೆಲೆಯಿಲ್ಲವೇ? ಇದೆ. ಆದರೆ ಆ ಪ್ರತಿಭೆ ತನ್ನ ನೋವನ್ನು ಕೂಗಿ ಹೇಳಿದ್ದರಲ್ಲಿಲ್ಲ, ಎದುರಿಗೆ ಮಲಗಿದ್ದವರ ನೋವನ್ನು ಕಣ್ಣಿಟ್ಟು ನೋಡಿದ್ದರಲ್ಲಿದೆ. ಇಂದು ಕೋಲ್ಮಾರ್‌ನ ವಸ್ತುಸಂಗ್ರಹಾಲಯದಲ್ಲಿ ಹಲಗೆಗಳನ್ನು ಬಿಡಿಸಿಟ್ಟಿದ್ದಾರೆ. ಎಲ್ಲವೂ ಒಮ್ಮೆಗೇ ಕಾಣುತ್ತದೆ. ಹಬ್ಬಕ್ಕಾಗಿ ಕಾಯಬೇಕಿದ್ದವರನ್ನು ಮಾತ್ರ ನಾವು ಮರೆತಿದ್ದೇವೆ. ಅವರನ್ನು ಬಿಟ್ಟು ಬರೆದದ್ದನ್ನು ಕಲಾವಿಮರ್ಶೆ ಎನ್ನಲು ನಾನು ಒಪ್ಪುವುದಿಲ್ಲ.