ಮಾರೋ ಮನೆಗೆ ಬಣ್ಣ ಬಳಿಯೋಕೆ ಮುಂಚೆ

ಅಕ್ಕಂದಿರೇ, ಅತ್ತಿಗೆಯರೇ, ಈ ಸಲ ಸ್ವಲ್ಪ ಜಗಳದ ಮಾತೇ ಬರೀತಿದೀನಿ. ಬೇಜಾರು ಮಾಡ್ಕೋಬೇಡಿ.

ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಹಳೇ ಬೀದಿಗಳಲ್ಲಿ ಯಾರದ್ದಾದ್ರೂ ಮನೆ ಮುಂದೆ ಇದ್ದಕ್ಕಿದ್ದಂಗೆ ಬಣ್ಣದ ಡಬ್ಬ, ಏಣಿ ಕಂಡ್ರೆ ನಾನು ಯಾರನ್ನೂ ಕೇಳಕ್ಕೆ ಹೋಗಲ್ಲ. ಮನೆ ಮಾರಕ್ಕಿಟ್ಟಿದಾರೆ ಅಂತ ತಿಳ್ಕೋತೀನಿ. ಹಿಂದೆ ಬಚ್ಚಲ ಗೋಡೆ ಬಿರುಕು ಬಿಟ್ಟಿದ್ದು ಹಂಗೇ ಇರುತ್ತೆ, ಹೆಂಚು ಸೋರೋದು ಹಂಗೇ ಇರುತ್ತೆ. ಮುಂದ್ಗಡೆ ಮಾತ್ರ ಪುಟ್ಟಿ, ಅದರ ಮೇಲೆ ಕಣ್ಣು ಕುಕ್ಕೋ ಪ್ಲಾಸ್ಟಿಕ್ ಪೇಂಟು, ಜಗಲಿಗೆ ಮಿರಮಿರ ಮಿಂಚೋ ಟೈಲ್ಸು. "ಮುಂದೆ ಚೆನ್ನಾಗಿ ಕಂಡ್ರೆ ರೇಟು ಏರುತ್ತೆ" ಅಂತ ದಲ್ಲಾಳಿ ಹೇಳಿರ್ತಾನೆ. ಮನೆ ಗಂಡಸರು ತಲೆ ಆಡ್ಸಿರ್ತಾರೆ.

ನಾನು ಹೇಳೋದು ಇಷ್ಟೇ. ಮಾರೋ ಮನೆ ಮುಂದೆ ಚೊಕ್ಕ ಮಾಡಿ, ಯಾರು ಬೇಡ ಅಂದ್ರು? ಆದ್ರೆ ಮುಚ್ಚಬೇಡಿ. ಚೊಕ್ಕ ಮಾಡೋದು ಬೇರೆ, ಮುಚ್ಚೋದು ಬೇರೆ.

ನಮ್ಮ ಮೂರೂ ಊರಿನ ಮನೆಗಳಿಗೆ ಅವುಗಳದ್ದೇ ಆದ ಕಾಯಿಲೆ ಇದೆ. ತರೀಕೆರೆ ಮಲೆನಾಡಿನ ಸೆರಗು. ಅಲ್ಲಿ ಮಳೆಗಾಲದಲ್ಲಿ ಗೋಡೆ ಬುಡ ಥಂಡಿ ಹಿಡಿಯುತ್ತೆ, ಬಿಳೀ ಉಪ್ಪು ಎದ್ದು ಗಾರೆ ಪುಡಿಪುಡಿಯಾಗಿ ಉದುರುತ್ತೆ. ಅಜ್ಜಂಪುರದ ಕಡೆ ಎರೆ ಮಣ್ಣು. ಮಳೆ ಬಂದಾಗ ಉಬ್ಬಿ, ಬೇಸಿಗೇಲಿ ಕುಗ್ಗಿ, ಪಾಯ ಗಟ್ಟಿ ಇಲ್ಲದ ಮನೆ ಗೋಡೇನ ಓರೆಯಾಗಿ ಸೀಳಿಬಿಡುತ್ತೆ. ಕಡೂರು ಬಯಲುಸೀಮೆ. ಅಲ್ಲಿ ಗೋಡೆಗಿಂತ ಮೊದ್ಲು ಬೋರಲ್ಲಿ ನೀರೆಷ್ಟಿದೆ, ಬೇಸಿಗೇಲಿ ಬರುತ್ತಾ ಅನ್ನೋದು ಪ್ರಶ್ನೆ. ಈ ಮೂರರಲ್ಲಿ ಯಾವ ಕಾಯಿಲೆಗೆ ಪೇಂಟಿನಲ್ಲಿ ಔಷಧಿ ಇದೆ, ನೀವೇ ಹೇಳಿ.

ಔಷಧಿ ಇರ್ಲಿ, ರೋಗ ಜಾಸ್ತಿ ಆಗುತ್ತೆ. ಹಳೇ ಮಣ್ಣಿನ ಗೋಡೆ, ಸುಣ್ಣದ ಗಾರೆ ಉಸಿರಾಡ್ತವೆ. ಒಳಗೆ ಹೀರಿದ ನೀರನ್ನ ಬಿಸಿಲಿಗೆ ಹೊರಗೆ ಬಿಡ್ತವೆ. ಅದರ ಮೇಲೆ ಸಿಮೆಂಟು, ಪ್ಲಾಸ್ಟಿಕ್ ಪೇಂಟು ಮೆತ್ತಿದ್ರೆ ನೀರು ಒಳಗೇ ಸಿಕ್ಕಿಹಾಕ್ಕೊಳುತ್ತೆ. ಒಂದು ಮಳೆಗಾಲ ಕಳೆಯೋದ್ರೊಳಗೆ ಪುಟ್ಟಿ ಬೊಬ್ಬೆ ಎದ್ದು ಹಪ್ಪಳದಂಗೆ ಕಿತ್ತು ಬರುತ್ತೆ. ಆಗ ಆ ಮನೇಲಿರೋದು ನೀವಲ್ಲ. ಕೊಂಡ್ಕೊಂಡ ಮನೆಯ ಹೆಂಗಸು, ಸೊಂಟಕ್ಕೆ ಮಗು ಎತ್ಕೊಂಡು ಗೋಡೆ ಒರೆಸ್ತಾ ನಿಮ್ಮನ್ನ ಬೈಕೋತಾಳೆ.

ಹಂಗಾದ್ರೆ ಏನ್ ಮಾಡ್ಬೇಕು? ಮೊದ್ಲು ಒಡೆದ ಹೆಂಚು ಬದಲಾಯಿಸಿ, ಸೂರಿನ ನೀರು ಗೋಡೆ ಬುಡಕ್ಕೆ ಬೀಳದಂಗೆ ಮಾಡಿ. ರಸ್ತೆ ಮೇಲೆ ರಸ್ತೆ ಹಾಕಿ ಬೀದಿ ಎತ್ತರ ಆಗಿ, ಎಷ್ಟೋ ಮನೆಗಳ ಬುಡಕ್ಕೆ ಮಣ್ಣು ಸೇರಿದೆ. ಆ ಮಣ್ಣು ತೆಗೆಸಿ ಚರಂಡಿಗೆ ದಾರಿ ಬಿಡಿಸಿ. ಒಂದು ಬೇಸಿಗೆ ಗೋಡೆ ಒಣಗಲಿ. ಆಮೇಲೆ ಸುಣ್ಣದ ಕಲ್ಲು ನೀರಲ್ಲಿ ಅರಳಿಸಿ, ಬಟ್ಟೇಲಿ ಸೋಸಿ, ಎರಡು ಮೂರು ಸಲ ತೆಳ್ಳಗೆ ಬಳಿಸಿ. ಸುಣ್ಣ ಅರಳುವಾಗ ಕುದಿಯುತ್ತೆ, ಕಣ್ಣಿಗೆ ಸಿಡಿದೀತು, ಮಕ್ಕಳನ್ನ ದೂರ ಇಡಿ. ಪ್ಲಾಸ್ಟಿಕ್ ಪೇಂಟಿನ ಮೇಲೆ ಸುಣ್ಣ ನಿಲ್ಲಲ್ಲ, ಅದನ್ನ ಮೊದ್ಲು ಕೆರೆಸಬೇಕು. ಜಗಲಿಯ ಕೆಂಪು ಗಾರೆ ಕೀಳಿಸಬೇಡಿ. ತೊಳೆದು, ಒಣಗಿಸಿ, ಬಟ್ಟೇಲಿ ಒಂದಿಷ್ಟೇ ಕೊಬ್ಬರಿ ಎಣ್ಣೆ ತಿಕ್ಕಿದ್ರೆ ಹೊಳೆಯುತ್ತೆ. ಮಳೇಲಿ ಟೈಲ್ಸ್ ಮೇಲೆ ಅಜ್ಜಿ ಜಾರಿ ಬೀಳೋದಕ್ಕಿಂತ ಅದು ಮೇಲು. ಬಾಗಿಲಿನ ಹಳೇ ಪೇಂಟು ಉಜ್ಜಿಸಿದ್ರೆ ಒಳಗಿರೋ ಒಳ್ಳೇ ಮರ ತಾನೇ ಮಾತಾಡುತ್ತೆ. ಮುಂದೆ ಸಾರಿಸಿ ರಂಗೋಲಿ ಬಿಡಿ. ಇಷ್ಟು ಮಾಡಿದ್ರೆ ಮನೆ ಲಕ್ಷಣವಾಗೂ ಕಾಣುತ್ತೆ, ನಿಜಾನೂ ಕಾಣುತ್ತೆ.

"ಎಲ್ಲರೂ ಮುಚ್ಚೇ ಮಾರೋದು, ನೋಡ್ಕೊಂಡು ತಗೊಳೋದು ಅವರ ಜವಾಬ್ದಾರಿ" ಅಂತ ಒಬ್ಬರು ಹಿರಿಯರು ನನ್ನ ಬಾಯಿ ಮುಚ್ಚಿಸೋಕೆ ನೋಡಿದ್ರು. ಕಾನೂನು ಹಂಗನ್ನಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಕಲಂ ಪ್ರಕಾರ, ಮಾರೋರಿಗೆ ಗೊತ್ತಿದ್ದು, ಕೊಳ್ಳೋರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ರೂ ಗೊತ್ತಾಗದಂಥ ಮುಖ್ಯ ದೋಷ ಇದ್ರೆ ಮಾರೋರೇ ಹೇಳ್ಬೇಕು. ಹೇಳದೇ ಇದ್ರೆ ಅದು ಮೋಸ. ದೋಷ ಅಂದ್ರೆ ಗೋಡೆ ದೋಷ ಒಂದೇ ಅಲ್ಲ, ಹಕ್ಕಿನ ದೋಷವೂ ಸೇರಿದೆ.

ಈ ಹಕ್ಕಿನ ಮಾತಿಗೇ ನಾನು ಬರಬೇಕಾಗಿದ್ದು. ನಮ್ಮ ಕಡೆ ಪುಟ್ಟಿ ಹಾಕಿ ಮುಚ್ಚೋ ದೊಡ್ಡ ಬಿರುಕು ಅಂದ್ರೆ ಹೆಣ್ಮಕ್ಕಳ ಪಾಲು. ಬಣ್ಣಕ್ಕೆ ದುಡ್ಡಿರುತ್ತೆ, ಕೊಟ್ಟ ಹೆಣ್ಮಕ್ಕಳಿಗೆ ಒಂದು ಫೋನು ಮಾಡಕ್ಕೆ ಪುರುಸೊತ್ತಿರಲ್ಲ. ಮುಂಚೆ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ 23ನೇ ಕಲಂ ಅಂತಿತ್ತು. ಗಂಡ್ಮಕ್ಕಳು ತಾವಾಗಿ ಭಾಗ ಮಾಡ್ಕೊಳ್ಳೋ ತನಕ, ಮನೆಯವರು ವಾಸ ಇರೋ ಮನೇಲಿ ಹೆಣ್ಮಕ್ಕಳು ಭಾಗ ಕೇಳೋ ಹಂಗಿರ್ಲಿಲ್ಲ. 2005ರ ತಿದ್ದುಪಡಿಯಲ್ಲಿ ಅದನ್ನ ತೆಗೆದುಹಾಕಿದ್ರು. ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಬಂತು. ಮದುವೆ ಆಗಿದ್ರೂ ಸರಿ. 2005ರಲ್ಲಿ ಅಪ್ಪ ಬದುಕಿರಲೇಬೇಕು ಅಂತೇನೂ ಇಲ್ಲ ಅಂತ 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಕೇಸಿನಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ಆಗಿಹೋದ ಕ್ರಯ, ಭಾಗಗಳನ್ನ ಮಾತ್ರ ಈ ತಿದ್ದುಪಡಿ ಮುಟ್ಟಲ್ಲ. ಅಪ್ಪನ ಸ್ವಂತ ಸಂಪಾದನೆ ಮನೆಯಾದ್ರೆ, ಅವರು ಉಯಿಲು ಬರೀದೆ ತೀರಿಹೋಗಿದ್ರೆ, ಅಮ್ಮಂಗೂ ಹೆಣ್ಮಕ್ಕಳಿಗೂ ಗಂಡ್ಮಕ್ಕಳಿಗೂ ಸಮಪಾಲು.

"ಅಣ್ಣತಮ್ಮಂದಿರ ಹತ್ರ ಪಾಲು ಕೇಳಿದ್ರೆ ತವರು ತಪ್ಪುತ್ತೆ" ಅಂತೀರ. ಆ ಮನೆ ಮಾರಿದ ಮೇಲೆ ಯಾವ ತವರು ಉಳೀತು ಅಕ್ಕಾ? ದಿನಾ ಬೆಳಿಗ್ಗೆ ಎದ್ದು ಆ ಅಂಗಳ ಗುಡಿಸಿ, ಸಾರಿಸಿ, ಮನೆಗೆ ಮುಖ ಕೊಟ್ಟವರು ನಾವು. ಗಿರಾಕಿ ಬರ್ತಾನೆ ಅಂದಾಗ ಚೊಕ್ಕ ಮಾಡಕ್ಕೂ ನಾವೇ ಬೇಕು. ಬೆಲೆ ಕಟ್ಟುವಾಗ, ಸಹಿ ಹಾಕುವಾಗ ಮಾತ್ರ ಕಾಫಿ ತರಕ್ಕೆ ಒಳಗೆ ಹೋಗ್ಬೇಕಾ? ಪಾಲು ಬೇಕೋ ಬೇಡವೋ ಆಯಾ ಹೆಣ್ಮಗಳು ಹೇಳಲಿ. ಬೇಡ ಅಂದ್ರೂ ಅದು ಅವಳ ಬಾಯಿಂದ ಬರಲಿ, ಓದಿ ಅರ್ಥ ಮಾಡ್ಕೊಂಡ ಕಾಗದದ ಮೇಲೆ ಬರಲಿ. ಖಾಲಿ ಹಾಳೆಗೆ, "ಸುಮ್ನೆ ಒಂದು ಸಹಿ ಹಾಕು" ಅಂದಿದ್ದಕ್ಕೆ, ಯಾರೂ ಕೈ ಹಾಕಬೇಡಿ.

ಇದು ಮಾರೋರಿಗೂ ಒಳ್ಳೇದೇ. ತಿಳುವಳಿಕೆ ಇರೋ ಗಿರಾಕಿ ಬಾಗಿಲ ಬಣ್ಣ ನೋಡಿ ಮುಂಗಡ ಕೊಡಲ್ಲ. ವಂಶವೃಕ್ಷ, ಖಾತೆ, ಋಣಭಾರ ಪತ್ರ ಕೇಳ್ತಾನೆ, ಹಳ್ಳಿ ಮನೆಯಾದ್ರೆ ಇ-ಸ್ವತ್ತು ಕೇಳ್ತಾನೆ. ವಂಶವೃಕ್ಷದಲ್ಲಿ ಹೆಣ್ಮಕ್ಕಳ ಹೆಸರು ಬಿಟ್ಟು ಮಾರಿದ ಮನೆ ನಾಳೆ ಕೋರ್ಟು ಮೆಟ್ಟಿಲು ಹತ್ತಿದ್ರೆ ಆ ವ್ಯಾಜ್ಯ ಬಗೆಹರಿಯೋಕೆ ಎಷ್ಟು ವರ್ಷ ಬೇಕೋ!

ಈಗ ನಿಮ್ಮಲ್ಲಿ ಯಾರ ತವರಿನ ಮನೆಗಾದ್ರೂ ಮುಂದುಗಡೆ ಬಣ್ಣ ಬಳೀತಿದ್ರೆ, ಇವತ್ತೇ ಅಣ್ಣಂಗೆ ಫೋನ್ ಮಾಡಿ. ಬಣ್ಣ ಯಾವ್ದು ಅಂತ ಕೇಳಬೇಡಿ. ವಂಶವೃಕ್ಷದಲ್ಲಿ ನನ್ನ ಹೆಸರಿದೆಯಾ ಅಂತ ಕೇಳಿ.